ಕೆಂಚಿಯ ಮುಹೂರ್ತ

ನಮ್ಮ ಹೊಲದ ಕಡೆ ಸುಂದರವ್ವ ಬರುತ್ತಿದ್ದಾಳೆ ಎಂಬುದು ಆಕೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕುದುರೆಯ ಜೊತೆ ಜಗಳವಾಡುತ್ತಲೇ ಬರುವುದು ಆಕೆಯ ಪದ್ಧತಿ. "ನಿನ್ನಂಥಾಕಿನ್ನ ಕಟಗೊಂಡು ನನ್ನ ಹಣೆಬಾರ ಹಿಂಗಾತು ನೋಡು! ಸರಳ ನಡೀತಿಯೋ ಇಲ್ಲೋ?" ಎಂದು ಬೈಯುತ್ತಾಳೆ. ಕುದುರೆ ಕೆಂಚಿ ಒಂದು ಕಿವಿ ಆಡಿಸಿ ತನಗೆ ಬೇಕಾದಂತೆಯೇ ನಡೆಯುತ್ತದೆ. ಹಿಂದೆ ಕುರಿ, ಕುರಿಗಳ ಹಿಂದೆ ನಾಯಿ, ಎಲ್ಲಕ್ಕೂ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಆಕೆಯ ಗಂಡ ಅಮಸಿದ್ದ. ಆತ ಮಾತಾಡಿದ್ದು ಕೇಳಿದವರು ಊರಲ್ಲಿ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಸುಂದರವ್ವ ಒಬ್ಬಳೇ ಆಡಿ ಮುಗಿಸುತ್ತಾಳೆ.

ನಾನು ಶ್ರೀಶೈಲಪ್ಪ, ಅಗರಖೇಡದಲ್ಲಿ ನಿಂಬೆ ತೋಟ ಇಟ್ಟುಕೊಂಡವನು. ತೊಗರಿ ಕೊಯ್ದು ಹೊಲ ಖಾಲಿಯಾದ ಮೇಲೆ ಇವರ ಕುರಿಗಳನ್ನು ನಮ್ಮಲ್ಲಿ ಕೂಡಿಸುವುದು ಅಪ್ಪನ ಕಾಲದಿಂದ ನಡೆದುಬಂದದ್ದು. ಅವರಿಗೆ ಮೇವು, ನನಗೆ ಗೊಬ್ಬರ. ನನಗೆ ಸಿಟ್ಟು ಬೇಗ ಬರುತ್ತದೆ. ನನ್ನ ಹೆಂಡತಿ ವಿಜಯಲಕ್ಷ್ಮಿ ಹೇಳುವ ಪ್ರಕಾರ ಹೋಗುವುದು ಮಾತ್ರ ನಿಧಾನ. ಸುಂದರವ್ವನೂ ಅದೇ ಜಾತಿಯವಳು. ಆದ್ದರಿಂದ ನಾವಿಬ್ಬರೂ ವರ್ಷಕ್ಕೊಮ್ಮೆ ಕೂಡಿದಾಗ ನೋಡುವವರಿಗೆ ಖರ್ಚಿಲ್ಲದ ಮನರಂಜನೆ.

ಸುಂದರವ್ವ ಮದುವೆಯಾಗಿ ಬಂದ ದಿನ ಅತ್ತೆ ಆಕೆಯ ಕೈಗೆ ಕೊಟ್ಟದ್ದು ಬೀಗದ ಕೈಯಲ್ಲ, ಕುದುರೆಯ ಹಗ್ಗ. ದೀಪಾವಳಿ ಕಳೆದರೆ ಹೊರಟು, ಮುಂಗಾರು ಬೀಳುವವರೆಗೆ ಭೀಮಾ ದಂಡೆಯ ಮೇಲೆ, ಇಂಡಿಯಿಂದ ಸಿಂದಗಿಯವರೆಗೆ ಹೊಲ ಹೊಲ ತಿರುಗುವ ಮಂದಿಗೆ ಮನೆ ಎಂಬುದು ಕುದುರೆಯ ಬೆನ್ನ ಮೇಲೇ ಇರುತ್ತದೆ. ಪಾತ್ರೆ, ಹಾಸಿಗೆ, ಹಿಟ್ಟಿನ ಚೀಲ, ನಡೆಯಲಾರದ ಕುರಿಮರಿ, ಎಲ್ಲಕ್ಕೂ ಮೇಲೆ ಕಾಲು ಕಟ್ಟಿದ ಕೋಳಿ. ಆ ದಿನ ಕೈಗೆ ಬಂದ ಕುದುರೆ ಕೆಂಚಿಯ ಅಜ್ಜಿ. ಆಮೇಲೆ ಅದರ ಮಗಳು, ಆಮೇಲೆ ಕೆಂಚಿ. ಭೀಮಾ ದಂಡೆಯ ಗಿಡ್ಡ ತಳಿ, ಕಲ್ಲಿನ ಗೊರಸು, ಇದ್ದದ್ದು ತಿಂದು ಹೊರೆ ಹೊರುವ ಜಾತಿ. ಆ ಸಾಲಿನ ಹೆಣ್ಣು ಕುದುರೆಯನ್ನು ಆ ಮನೆಯವರು ಮಾರಿದ್ದೇ ಇಲ್ಲ. ಆದರೆ ಕೆಂಚಿ ಹಾಕಿದ್ದೆಲ್ಲ ಗಂಡು ಮರಿ. ಅವು ಮಾರಿಹೋದವು. ಈಗ ಕೆಂಚಿಗೂ ವಯಸ್ಸಾಗಿತ್ತು, ಅದರ ನಂತರ ಹಗ್ಗ ಹಾಕಲು ಆ ಸಾಲಿನ ಇನ್ನೊಂದು ಹೆಣ್ಣು ಇರಲಿಲ್ಲ.

ಆ ವರ್ಷ ಎಂದೂ ಮಾತಾಡದ ಅಮಸಿದ್ದ ಮಾತಾಡಿಬಿಟ್ಟ. ಆತನ ಮೊಣಕಾಲು ನೋಯುತ್ತಿದ್ದವು. ಜೊತೆಯ ಕುರಿಗಾರರೆಲ್ಲ ಸಾಮಾನು ಸಾಗಿಸಲು ಛೋಟಾ ಹಾಥಿ ಎನ್ನುವ ಸಣ್ಣ ಟೆಂಪೊ ಮಾಡಿಕೊಂಡಿದ್ದರು.

"ಈ ಸಲ ಮರಿ ನಿಂತ್ರ ಕುದುರಿ ಇರ್ಲಿ," ಎಂದ. "ಇಲ್ಲಂದ್ರ ಮುಂದಿನ ದೀಪಾವಳಿಗೆ ಛೋಟಾ ಹಾಥಿ. ಆಳು ಹಚ್ಚಿ ಕುರಿ ಕಳಸೂಣು. ನೀ ಮನ್ಯಾಗಿರು."

"ಮನ್ಯಾಗ ಕುಂತು ನಾ ಏನು ಗ್ವಾಡಿ ಮೇಯಸ್ಲಿ?" ಎಂದು ಸುಂದರವ್ವ ಹಾರಾಡಿದಳು. ಆದರೆ ಆತ ಅಷ್ಟು ಮಾತಾಡಿದ್ದೇ ದೊಡ್ಡದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ ಎಂಬುದು ಆಕೆಗೆ ಗೊತ್ತಿತ್ತು. ಮರುದಿನ ನಮ್ಮ ಕಟ್ಟೆಗೆ ಬಂದು ಕುಳಿತಾಗ ಮುಖ ಸಣ್ಣದಾಗಿತ್ತು. ಸುಂದರವ್ವನ ಮುಖ ಸಣ್ಣದಾದದ್ದನ್ನು ನಾನು ಅವತ್ತೇ ಮೊದಲು ನೋಡಿದೆ. ನನಗೆ ಕೆಡುಕೆನಿಸಿತು.

ಮರಿ ನಿಲ್ಲಬೇಕಾದರೆ ಗಂಡು ಬೇಕು. ಕೆಂಚಿಯಷ್ಟು ಎತ್ತರದ, ಅದೇ ತಳಿಯ ಗಂಡು ಸುತ್ತಮುತ್ತ ಉಳಿದದ್ದು ಒಂದೇ: ತಾಂಬಾದ ಫಕ್ರುದ್ದೀನನ ಸುಲ್ತಾನ. ಫಕ್ರುದ್ದೀನ ಅದನ್ನು ಮದುವೆಯ ಮೆರವಣಿಗೆಗೆ ಕೊಡುತ್ತಾನೆ. ಆದರೆ ಹೋದ ವರ್ಷ ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಸುಲ್ತಾನ ಯಾವುದೋ ಗಾಡಿಗೆ ಕಟ್ಟಿದ್ದ ಹೆಣ್ಣು ಕುದುರೆಯನ್ನು ಕಂಡು, ಬೆನ್ನ ಮೇಲಿನ ಮದುಮಗನ ಸಮೇತ ಆ ಕಡೆ ಹೊರಟುಬಿಟ್ಟಿತ್ತು. ಅಲ್ಲಿಂದ ಫಕ್ರುದ್ದೀನ ಗಟ್ಟಿ ಮನಸ್ಸು ಮಾಡಿದ್ದ. ಶಿವರಾತ್ರಿ ಕಳೆದ ಕೂಡಲೇ, ಮದುವೆಗಳ ಹಂಗಾಮು ಜೋರಾಗುವ ಮೊದಲು, ಸುಲ್ತಾನನ ಬೀಜ ತೆಗೆಸುವುದು.

"ಅಷ್ಟರಾಗ ತಗೊಂಡು ಬಾ ತಂಗಿ, ನಾ ಎಂದೂ ಬ್ಯಾಡ ಅನ್ನೂದಿಲ್ಲ," ಎಂದು ಆತ ಫೋನಿನಲ್ಲಿ ಹೇಳಿದ. "ಆಮ್ಯಾಲೆ ತಂದ್ರ ಅವು ಎರಡೂ ಕೂಡಿ ಕಡಬು ತಿನ್ನಬೇಕಾಗತೈತಿ."

ತೊಡಕು ಏನೆಂದರೆ ಆಗ ಕಾರ್ತಿಕ ಕಳೆದು ಚಳಿ ಶುರುವಾಗಿತ್ತು. ಚಳಿಗಾಲದಲ್ಲಿ ಕುದುರೆಗಳಿಗೆ ಬೆದೆ ಬರುವುದೇ ಕಷ್ಟ. ಬಿಸಿಲು ಏರಿ, ಯುಗಾದಿ ಹತ್ತಿರ ಬಂದಾಗ ಅವು ತಾವಾಗಿಯೇ ಕಣ್ಣು ತೆರೆಯುತ್ತವೆ. ಅಷ್ಟರಲ್ಲಿ ಸುಲ್ತಾನನ ಕಥೆ ಮುಗಿದಿರುತ್ತದೆ.

ನಾನೇ ಇಂಡಿಗೆ ಹೋಗಿ ದನದ ಡಾಕ್ಟರ್ ಭಾಗ್ಯಜ್ಯೋತಿಯವರನ್ನು ಕರೆತಂದೆ. ಸಿಂದಗಿ ಕಡೆಯ ಹುಡುಗಿ, ಇನ್ನೂ ಮದುವೆಯಾಗಿಲ್ಲ, ಎಮ್ಮೆ ಒದ್ದರೂ ನಗುವ ಸ್ವಭಾವ. ಸುಲ್ತಾನನ ಬೀಜ ತೆಗೆಯಬೇಕಾದವರೂ ಅವರೇ. ಕೆಂಚಿಯನ್ನು ತಪಾಸಣೆ ಮಾಡಿ ಅವರು ಹೇಳಿದ್ದು ಇಷ್ಟು: ಕುದುರೆ ಹನ್ನೊಂದು ತಿಂಗಳು ಹೊರುವ ಪ್ರಾಣಿ, ಹಗಲು ಚಿಕ್ಕದಿದ್ದಾಗ ಅದರ ಮೈ ಈಗ ಬೇಡ ಎಂದು ಸುಮ್ಮನಿರುತ್ತದೆ, ಹಗಲು ಉದ್ದವಾದರೆ ಬೇಸಿಗೆ ಬಂತೆಂದು ಎಚ್ಚರಾಗುತ್ತದೆ. ನಾವು ಹಗಲನ್ನು ಉದ್ದ ಮಾಡಬೇಕು.

"ಹಗಲ ಹೆಂಗ ಉದ್ದ ಮಾಡೂದವ್ವಾ? ಜಗ್ಗೂದೇನು?" ಎಂದಳು ಸುಂದರವ್ವ.

"ಬಲ್ಬ್ ಹಚ್ಚೂದು," ಎಂದರು ಡಾಕ್ಟರ್. "ಹೊತ್ತ ಮುಳುಗಿದ ಮ್ಯಾಲೂ ನಾಕೈದು ತಾಸು ಬೆಳಕಿರ್ಲಿ. ದಿನಾ ತಪ್ಪಂಗಿಲ್ಲ. ಮಿಣಿಮಿಣಿ ಬೆಳಕ ನಡ್ಯೂದಿಲ್ಲ ಮತ್ತ. ಕುದುರಿ ಬಾಜೂಕ ಕುಂತು ಪೇಪರ್ ಓದಾಕ ಬರೂವಷ್ಟು ಇರಬೇಕು."

ಸುಂದರವ್ವ ನನ್ನ ಕಡೆ ತಿರುಗಿದಳು. "ನನಗ ಓದಾಕ ಬರೂದಿಲ್ಲ. ಸಾವ್ಕಾರ್ರ, ನೀವು ಓದ್ರಿ."

ಹೀಗೆ ನಾನು, ಸೊಸೈಟಿಯ ಚುನಾವಣೆಯಲ್ಲಿ ಎರಡು ಸಲ ಗೆದ್ದವನು, ದಿನಾ ಸಂಜೆ ನನ್ನದೇ ಹೊಲದ ಶೆಡ್ಡಿನಲ್ಲಿ ಕುದುರೆಯ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದತೊಡಗಿದೆ. ಕುರಿಗಳನ್ನು ಅಮಸಿದ್ದ ಆಚೀಚೆಯ ಹೊಲಗಳಲ್ಲಿ ತಿರುಗಿಸುತ್ತಿದ್ದ. ಆ ವರ್ಷ ಅವರು ದೂರ ಹೋಗಲಿಲ್ಲ. ಬೆಳಕು ಸರಿಯಿದೆಯೋ ಇಲ್ಲವೋ ನೋಡಿ ಎದ್ದು ಬಂದರೆ ಸಾಕಿತ್ತು. ಆದರೆ ಸುಂದರವ್ವ ಬಿಡಲಿಲ್ಲ. ಡಾಕ್ಟರ್ ಓದಬೇಕು ಎಂದಿದ್ದಾರೆ, ಓದಿದರೇ ಗುಣ ಎಂದು ಆಕೆ ತಿಳಿದುಕೊಂಡಿದ್ದಳು. ಗಟ್ಟಿಯಾಗಿ ಓದಬೇಕು, ಅದೂ ಕೆಂಚಿಗೆ ಕೇಳುವಂತೆ. ಮಳೆ, ಬೆಳೆ, ವಿಧಾನಸಭೆ ಎಲ್ಲವನ್ನೂ ಕೆಂಚಿ ಸಮಾಧಾನದಿಂದ ಕೇಳಿಸಿಕೊಂಡಿತು. ಧಾರಣೆಯ ಪುಟಕ್ಕೆ ಬಂದಾಗ ಮಾತ್ರ ದಿನಾ ಲದ್ದಿ ಹಾಕುತ್ತಿತ್ತು. ನನಗೂ ನಿಂಬೆಯ ಧಾರಣೆ ಓದಿದರೆ ಹಾಗೆಯೇ ಅನಿಸುತ್ತಿತ್ತು.

ಮನೆಯಲ್ಲಿ ವಿಜಯಲಕ್ಷ್ಮಿ, "ನಂಗ ಒಂದ ದಿನಾ ಪೇಪರ್ ಓದಿ ಹೇಳಿಲ್ಲ. ನಾನೂ ನಾಕ ಕಾಲಿಂದ ಹುಟ್ಟಬೇಕಿತ್ತು," ಎಂದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಕರೆಂಟು ಹೋದ ದಿನ ಗದ್ದಲವೇ ಗದ್ದಲ. ಸುಂದರವ್ವ ನನ್ನ ಪಿಕಪ್ ಗಾಡಿಯನ್ನು ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿ ಲೈಟು ಹಾಕಲು ಹೇಳುತ್ತಿದ್ದಳು. ನಾನು ಬೈಯುತ್ತಲೇ ತರುತ್ತಿದ್ದೆ. ಬ್ಯಾಟರಿ ಇಳಿದರೆ ಬೆಳಿಗ್ಗೆ ನಿಂಬೆ ಪೇಟೆಗೆ ಹೇಗೆ ಹೋಗಲಿ ಎಂದರೆ, "ನಾ ನೂಕ್ತೇನಿ ತಗೋರಿ," ಎನ್ನುತ್ತಿದ್ದಳು. ನೂಕಿದಳು ಕೂಡ.

ತಿಂಗಳೊಂದು ಕಳೆದಾಗ ಬಲ್ಬಿನ ಗುಣ ಕಂಡಿತು, ಆದರೆ ಕೆಂಚಿಯಲ್ಲಲ್ಲ. ಶೆಡ್ಡಿನ ತೊಲೆಯ ಮೇಲೆ ಮಲಗುತ್ತಿದ್ದ ಸುಂದರವ್ವನ ಕೋಳಿಗಳು, ಚಳಿಯಲ್ಲಿ ಸುಮ್ಮನಿರಬೇಕಾದವು, ಬೆಳಕು ಕಂಡು ಒಂದೇ ಸಮನೆ ತತ್ತಿ ಇಡತೊಡಗಿದವು. ಮೇವಿನಲ್ಲಿ ತತ್ತಿ, ಬುಟ್ಟಿಯಲ್ಲಿ ತತ್ತಿ, ನಾನು ಕೂರುವ ಕುರ್ಚಿಯ ಮೇಲೂ ತತ್ತಿ. ಒಂದು ಸಂಜೆ ನೋಡದೆ ಕುಳಿತೇಬಿಟ್ಟೆ. ಹುಂಜವಂತೂ ಹಗಲಾವುದು ರಾತ್ರಿಯಾವುದು ತಿಳಿಯದೆ, ಊರು ಊಟಕ್ಕೆ ಕೂತ ಹೊತ್ತಿಗೆ ಕೂಗಿ ಕೂಗಿ ಸೋತಿತು.

"ಡಾಕ್ಟರಬಾಯಿ, ನಾ ಕೇಳಿದ್ದು ಕುದುರಿ ಮರಿ," ಎಂದು ಸುಂದರವ್ವ ಫೋನಿನಲ್ಲಿ ತಕರಾರು ಮಾಡಿದಳು. "ನೀವು ಕೊಟ್ಟಿದ್ದು ಕೋಳಿ ತತ್ತಿ."

"ಕುದುರಿ ಹೊಟ್ಯಾಗೂ ತತ್ತಿನ ಇರತೈತಿ ಯವ್ವಾ, ಹೊರಗ ಕಾಣೂದಿಲ್ಲ ಅಷ್ಟ," ಎಂದರು ಡಾಕ್ಟರ್. "ತಡಿ, ಅದೂ ಬರತೈತಿ."

ಬಂತು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಕೆಂಚಿಯ ದಪ್ಪ ಚಳಿಗೂದಲು ಉದುರತೊಡಗಿತು. ಆಮೇಲೆ ಒಂದು ಬೆಳಿಗ್ಗೆ ದಾರಿಯಲ್ಲಿ ಹೋಗುತ್ತಿದ್ದ ಕತ್ತೆಯನ್ನು ನೋಡಿ ಬಾಲ ಎತ್ತಿತು. ಸುಂದರವ್ವ ಆಗಲೇ ಹೊರಡಲು ತಯಾರು. ನಾನೂ ಪಿಕಪ್ಪಿನ ಕೀಲಿಕೈ ಹಿಡಿದುಕೊಂಡಿದ್ದೆ. ಡಾಕ್ಟರ್ ಬಂದು ಸ್ಕ್ಯಾನ್ ಮಾಡಿ ನಮ್ಮಿಬ್ಬರನ್ನೂ ಕೂರಿಸಿದರು. ಚಳಿ ಕಳೆದು ಮೊದಲ ಸಲ ಬರುವ ಬೆದೆ ಬಾಲ ಎತ್ತಿಸುತ್ತದೆ, ಆದರೆ ಒಳಗೆ ತತ್ತಿ ಬಲಿತಿರುವುದಿಲ್ಲ. ದಿನಗಟ್ಟಲೆ ಹಾಗೇ ಆಟ ಆಡಿಸುತ್ತದೆ. ಗಂಡನ್ನು ದಿನಾ ದಿನಾ ಕೂಡಿಸಲು ಸುಲ್ತಾನ ಏನು ನಮ್ಮ ಮನೆಯವನಲ್ಲ. ತತ್ತಿ ಬಲಿತು ಒಡೆಯುವ ಹೊತ್ತನ್ನು ಹಿಡಿಯಬೇಕು.

"ತತ್ತಿ ಒಂದ ನೀರಿನ ಚೀಲದಾಗ ಇರತೈತಿ," ಎಂದು ಡಾಕ್ಟರ್ ಸ್ಕ್ಯಾನಿನ ಪರದೆಯ ಮೇಲಿನ ಕಪ್ಪು ಚುಕ್ಕೆ ತೋರಿಸಿದರು. "ಆ ಚೀಲ ಈಗ ಬಾರಿಹಣ್ಣಿನಷ್ಟು ಐತಿ. ನಿಂಬಿಹಣ್ಣಿನಷ್ಟು ಆಗಬೇಕು."

ನಿಂಬೆ ಎಂದ ಮೇಲೆ ನಾನು ಸುಮ್ಮನಿರುವುದುಂಟೆ? "ಯಾವ ನಿಂಬಿ ಮೇಡಂ? ನಿಂಬಿಯೊಳಗ ಬ್ಯಾರೆ ಬ್ಯಾರೆ ಸೈಜ್ ಅದಾವ್ರಿ. ಉಪ್ಪಿನಕಾಯಿ ಸೈಜೋ, ಪೂಜಾ ಸೈಜೋ, ದಿಲ್ಲಿಗಿ ಹೋಗೂ ಸೈಜೋ?" ಎಂದೆ. ತೋಟದಿಂದ ಒಂದು ಬುಟ್ಟಿ ತಂದು ಮುಂದಿಟ್ಟೆ. ಡಾಕ್ಟರ್ ನಕ್ಕು, ಒಂದೊಂದೇ ಎತ್ತಿ ನೋಡಿ, ಕೊನೆಗೆ ಒಂದನ್ನು ಆರಿಸಿ ಸುಂದರವ್ವನ ಕೈಯಲ್ಲಿಟ್ಟರು. "ಇದು. ಇಷ್ಟಾದ ದಿನ ಒಂದ ಇಂಜೆಕ್ಷನ್ ಕೊಡ್ತೇನಿ. ಅಲ್ಲಿಂದ ಒಂದೂವರೆ ದಿನದಾಗ ತತ್ತಿ ಒಡೀತೈತಿ. ಅಷ್ಟರಾಗ ಕೆಂಚಿ ಸುಲ್ತಾನನ ಹಂತ್ಯಾಕ ಇರಬೇಕು."

ಆ ನಿಂಬೆಹಣ್ಣನ್ನು ಸುಂದರವ್ವ ಶೆಡ್ಡಿನ ಗೋಡೆಯ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಅದು ಒಣಗಿದಾಗ ನಾನು ಅದೇ ಅಳತೆಯ ಇನ್ನೊಂದನ್ನು ಹುಡುಕಿ ತರುತ್ತಿದ್ದೆ. ಡಾಕ್ಟರ್ ಒಂದು ದಿನ ಬಿಟ್ಟು ಒಂದು ದಿನ ಬಂದು, ಭುಜದವರೆಗಿನ ಕೈಗವಸು ಹಾಕಿ, ಸ್ಕ್ಯಾನ್ ಮಾಡಿ, "ನೆಲ್ಲಿಕಾಯಿ," ಎನ್ನುತ್ತಿದ್ದರು. ನಾವು ನಿಟ್ಟುಸಿರು ಬಿಡುತ್ತಿದ್ದೆವು. ಮುಂದಿನ ಸಲ, "ದೊಡ್ಡ ನೆಲ್ಲಿಕಾಯಿ." ಶಿವರಾತ್ರಿ ಹತ್ತಿರ ಬಂದುಬಿಟ್ಟಿತ್ತು. ಸುಂದರವ್ವ ಕೆಂಚಿಗೆ ಬೈಯುವುದನ್ನೇ ನಿಲ್ಲಿಸಿದ್ದಳು, ಅದು ನನಗೆ ಸರಿ ಕಾಣಲಿಲ್ಲ.

ಒಂದು ಶನಿವಾರ ಸಂಜೆ ಡಾಕ್ಟರ್ ಪರದೆ ನೋಡಿ, ಗೂಡಿನಲ್ಲಿದ್ದ ಹಣ್ಣನ್ನು ನೋಡಿ, ಮತ್ತೆ ಪರದೆ ನೋಡಿದರು. "ಆತು ಯವ್ವಾ. ನಿಂಬಿಹಣ್ಣ." ಅಲ್ಲೇ ಇಂಜೆಕ್ಷನ್ ಕೊಟ್ಟರು. ತತ್ತಿ ಒಡೆಯುವುದು ಸೋಮವಾರ ಬೆಳಗಿನ ಹೊತ್ತಿಗೆ. ಫಕ್ರುದ್ದೀನನಿಗೆ ಫೋನು ಹಚ್ಚಿದರೆ ರವಿವಾರ ಸಂಜೆ ಸುಲ್ತಾನನಿಗೆ ತಾಂಬಾದಲ್ಲೇ ಮದುವೆಯ ಮೆರವಣಿಗೆ, ಶಿವರಾತ್ರಿಗೆ ಮೊದಲು ಅದೇ ಕೊನೆಯದು. "ಸ್ವಾಮಾರ ಮುಂಜಾನೆ ತಗೊಂಡು ಬರ್ರಿ, ಆರಾಮ ಆಗತೈತಿ," ಎಂದ.

ಸೋಮವಾರ ಎಂದೊಡನೆ ಸುಂದರವ್ವನೂ ಅಮಸಿದ್ದನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಮವಾರ ದೇವರ ವಾರ. ಅವರ ಮನೆಯಲ್ಲಿ ಅಂದು ಕುದುರೆಯ ಮೇಲೆ ಹೊರೆ ಹೇರುವುದಿಲ್ಲ, ಹಗ್ಗ ಹಿಡಿದು ದಾರಿ ನಡೆಸುವುದಿಲ್ಲ. ಡಾಕ್ಟರ್ ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವಂತೆ. ನಾನು ಏನು ಹೇಳಲಿ? ಸೋಮವಾರ ನನ್ನ ಎತ್ತುಗಳ ಹೆಗಲ ಮೇಲೆ ನೊಗ ಇಟ್ಟವನಲ್ಲ ನಾನು. ಬಸವಣ್ಣನ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ.

"ಗಂಡಿನ ಕೂಡ ಕೂಡೂದು ಕೆಲಸೋ ಅಲ್ಲೋ?" ಎಂಬ ಪ್ರಶ್ನೆ ಎದ್ದಿತು. ಅಮಸಿದ್ದ ಕೆಲಸ ಎಂಬಂತೆ ಗೋಣು ಹಾಕಿದ. ಸುಂದರವ್ವ ಅಲ್ಲ ಎಂದಳು. ನಾನು ಎರಡೂ ಕಡೆ ಸ್ವಲ್ಪ ಸ್ವಲ್ಪ ಮಾತಾಡಿದೆ. ಚಹಾ ತಂದ ವಿಜಯಲಕ್ಷ್ಮಿ, "ಇಷ್ಟ ಯಾಕ ತಲಿ ಕೆಡಸ್ಕೋತೀರಿ? ರವಿವಾರನ ಹೋಗಿ ಅಲ್ಲೇ ಇರ್ರಿ. ದಾರಿ ನಡಿಸೂದು ರವಿವಾರಕ್ಕ ಮುಗೀತೈತಿ, ಸ್ವಾಮಾರ ಅದು ಏನರ ಮಾಡ್ಕೊಳ್ಳಿ," ಎಂದಳು. ಡಾಕ್ಟರಿಗೂ ಒಪ್ಪಿಗೆಯಾಯಿತು. ಮೆರವಣಿಗೆ ಮುಗಿದ ಮೇಲೆ ಹಿಂದಿನ ಓಣಿಯಿಂದ ಬನ್ನಿ ಎಂದು ಫಕ್ರುದ್ದೀನ ಎಚ್ಚರಿಕೆ ಕೊಟ್ಟ.

ರವಿವಾರ ಮಧ್ಯಾಹ್ನ ನಾನು ಪಿಕಪ್ ತೊಳೆದು ತಂದರೆ ಶೆಡ್ಡಿನಿಂದ ಹೊರಗೆ ಬಂದದ್ದು ಕುದುರೆಯಲ್ಲ, ಮದುಮಗಳು. ಹೆಣ್ಣು ಕುದುರೆಯನ್ನು ಗಂಡಿನ ಮನೆಗೆ ಒಯ್ಯುವಾಗ ಬರಿಮೈಯಲ್ಲಿ ಒಯ್ಯಬಾರದಂತೆ. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಗೆಜ್ಜೆಸರ, ಕಾಲಿಗೆ ಕರಿದಾರ, ಬೆನ್ನ ಮೇಲೆ ಸುಂದರವ್ವನ ಮದುವೆಯ ಹಸಿರು ಸೀರೆ. ಮುಂದೆ ಹೋಗಿ ಉಡಿ ತುಂಬಿ ಆರತಿ ಬೆಳಗಿದಳು ನನ್ನ ಹೆಂಡತಿ. ಕೆಂಚಿ ಉಡಿಯ ಅಕ್ಕಿಯನ್ನು ಅಲ್ಲೇ ತಿಂದು ಮುಗಿಸಿತು. ಅಮಸಿದ್ದ ಕುರಿ ಬಿಟ್ಟು ಬರುವಂತಿರಲಿಲ್ಲ. ಬದುವಿನ ಮೇಲೆ ನಿಂತು ನೋಡುತ್ತಿದ್ದ.

ಸುಂದರವ್ವನ ಅವಸರಕ್ಕೆ ನಾವು ತಾಂಬಾ ಬೇಗ ಮುಟ್ಟಿದೆವು, ಹೊತ್ತು ಆಗಷ್ಟೇ ಇಳಿಯುತ್ತಿತ್ತು. ಹಿಂದಿನ ಓಣಿಯಲ್ಲಿ ಮದುವೆಯ ಪೆಂಡಾಲು ಹಾಕಿದ್ದರಿಂದ ಪಿಕಪ್ ಒಳಗೆ ಹೋಗಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕೆಂಚಿಯನ್ನು ಇಳಿಸಿ, ಗಾಡಿ ಬದಿಗೆ ಹಾಕಿ ಬರುತ್ತೇನೆ, ಇಲ್ಲೇ ನಿಲ್ಲು ಎಂದು ಸುಂದರವ್ವನಿಗೆ ಹೇಳಿ ಹೋದೆ. ಅಷ್ಟರಲ್ಲಿ ಬ್ಯಾಂಡಿನವರು ಬಂದುಬಿಟ್ಟರು. ಬ್ಯಾಂಡ್ ಮಾಸ್ತರ ಅಫ್ತಾಬನ ಕಣ್ಣಿಗೆ ಬಿದ್ದದ್ದು ಗೆಜ್ಜೆ, ಹಸಿರು ಸೀರೆ, ಕುಂಕುಮ ಎಲ್ಲ ಇರುವ ಕುದುರೆ. ಬೀಗರು ಎರಡನೇ ಕುದುರೆಯನ್ನೂ ತರಲು ಹೇಳಿದ್ದಾರೆ, ತಡವಾಗಿ ಬಂದಿದೆ ಎಂದು ಆತ ತಿಳಿದುಕೊಂಡ.

"ಏ ಯವ್ವಾ, ಇಷ್ಟ ಲೇಟ್ ಆತು? ಮುಂದ ಬಾ, ಮುಂದ ಬಾ!" ಎಂದವನೇ ಹಗ್ಗ ಹಿಡಿದು ಕೆಂಚಿಯನ್ನು ಮೆರವಣಿಗೆಯ ಮುಂದಕ್ಕೆ ಎಳೆದುಕೊಂಡ. ಸುಂದರವ್ವ ಬಾಯಿ ಬಡಿದುಕೊಂಡಳು. ಆದರೆ ಜೀವಮಾನದಲ್ಲಿ ಮೊದಲ ಸಲ ಆಕೆಯ ದನಿಗಿಂತ ದೊಡ್ಡ ದನಿ ಪಕ್ಕದಲ್ಲಿತ್ತು. ಬ್ಯಾಂಡಿನವರು ಆಗಲೇ ಶುರು ಮಾಡಿದ್ದರು.

ನಾನು ಓಡಿ ಬರುವ ಹೊತ್ತಿಗೆ ಸುಲ್ತಾನ ಹನುಮಪ್ಪನ ಗುಡಿಯ ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಮೇಲೆ ಮದುಮಗ ಸಂಜೀವಕುಮಾರ, ಬಾಸಿಂಗ, ಪಟಕಾ, ಕೈಯಲ್ಲಿ ಕಟಾರಿ, ಆ ಕಟಾರಿಗೆ ಚುಚ್ಚಿದ ನಿಂಬೆಹಣ್ಣು. ಬದಿಯಲ್ಲಿ ಲಗಾಮು ಹಿಡಿದ ಫಕ್ರುದ್ದೀನ. ಗಾಳಿ ನಮ್ಮ ಕಡೆಯಿಂದ ಅವರ ಕಡೆ ಬೀಸುತ್ತಿತ್ತು. ಸುಲ್ತಾನ ನಿಂತಿತು, ಮೇಲ್ದುಟಿ ಎತ್ತಿ ಗಾಳಿ ಮೂಸಿತು, ಹೇಷಾರವ ಮಾಡಿತು. ಕೆಂಚಿ ತಿರುಗಿ ನೋಡಿ ಅದಕ್ಕೆ ಉತ್ತರ ಕೊಟ್ಟಿತು.

"ಯಾ ಅಲ್ಲಾ, ಆ ಕುದುರಿ ಇಲ್ಲಿ ತಂದವ್ರ್ಯಾರ್ರೀ!" ಎಂದು ಫಕ್ರುದ್ದೀನ ಕೂಗಿದ್ದು ಕೇಳಿಸಿತು. ಮುಂದಿನದು ಕ್ಷಣದ ಮಾತು. ಸುಲ್ತಾನ ಹೆಜ್ಜೆ ಹಾಕುವ ಮೊದಲೇ ಸಂಜೀವಕುಮಾರ ಜಾಣತನ ಮಾಡಿ ಒಂದು ಬದಿಗೆ ಜಾರಿದ. ಕೆಳಗೆ ಬ್ಯಾಂಡಿನವರ ದೊಡ್ಡ ಢೋಲು ಇತ್ತು, ಅದರ ಮೇಲೆ ಕುಳಿತ. ಢೋಲು ಢಂ ಎಂದಿತು. ಲಗಾಮು ಫಕ್ರುದ್ದೀನನ ಕೈ ತಪ್ಪಿತು, ಹಗ್ಗ ಅಫ್ತಾಬನ ಕೈ ತಪ್ಪಿತು. ಎರಡೂ ಕುದುರೆಗಳು ಗೆಜ್ಜೆ ಬಾರಿಸುತ್ತ, ಹಸಿರು ಸೀರೆ ಹಾರಿಸುತ್ತ, ಊರ ಹೊರಗಿನ ಜೋಳದ ಕೂಳೆಹೊಲಕ್ಕೆ ಇಳಿದವು. ಹಿಂದೆ ಸುಂದರವ್ವ, ಆಕೆಯ ಹಿಂದೆ ಫಕ್ರುದ್ದೀನ, ಆತನ ಹಿಂದೆ ಏದುಸಿರು ಬಿಡುತ್ತ ನಾನು.

ಮದುಮಗನ ಸೋದರಮಾವ ತೋಳು ಏರಿಸಿಕೊಂಡು ನನ್ನ ಮೇಲೆ ಬಂದ. ನಾನೂ ತೋಳು ಏರಿಸಿದೆ. ತಪ್ಪು ನಮ್ಮದೇ ಆದರೂ ಹಾಗೆ ಬಂದವನೆದುರು ಇಳಿಸುವುದು ನನ್ನಿಂದಾಗುವುದಿಲ್ಲ. ಆದರೆ ಆ ಸಂಜೀವಕುಮಾರ ಒಳ್ಳೆಯ ತಾಯಿಯ ಮಗ. ಢೋಲಿನಿಂದ ಎದ್ದು, ಬಾಸಿಂಗ ಸರಿಮಾಡಿಕೊಂಡು, ವಿಷಯ ಕೇಳಿ ತಿಳಿದುಕೊಂಡು ಬಿದ್ದು ಬಿದ್ದು ನಕ್ಕ.

"ಬಿಡು ಮಾಮಾ," ಎಂದ. "ನಂಗ ಅಕ್ಕಿಕಾಳು ಬೀಳೂದು ನಾಳೆ ಮಧ್ಯಾಹ್ನ. ಈ ಕುದುರಿ ಮುಹೂರ್ತ ನಂಕಿಂತ ಮೊದಲೈತಿ."

ಆತ ನಡೆದುಕೊಂಡೇ ಗುಡಿಗೆ ಹೋದ. ಬ್ಯಾಂಡಿನವರು ಮಾತ್ರ ಎರಡು ಪಾಲಾದರು; ಅರ್ಧ ಮದುಮಗನ ಹಿಂದೆ ಹೋಯಿತು, ಅರ್ಧ ಹೊಲದ ಬದುವಿನ ಮೇಲೆ ನಿಂತು ಬಾರಿಸಿತು. ಕೂಳೆಹೊಲದಲ್ಲಿ ಆಗಬೇಕಾದದ್ದು ಆಯಿತು. ಸುಂದರವ್ವ ಹಸಿರು ಸೀರೆಯನ್ನು ಎತ್ತಿ ಮಣ್ಣು ಕೊಡವಿ, ಮುಖ ಆಚೆ ತಿರುಗಿಸಿಕೊಂಡು ನಗುತ್ತ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಡಾಕ್ಟರ್ ಫಕ್ರುದ್ದೀನನ ಅಂಗಳಕ್ಕೇ ಬಂದು ಸ್ಕ್ಯಾನ್ ಮಾಡಿದರು. ನಿಂಬೆಹಣ್ಣು ಇರಲಿಲ್ಲ. ತತ್ತಿ ಬೆಳಗಿನ ಹೊತ್ತಿಗೆ ಒಡೆದಿತ್ತು, ಗಂಡಿನ ವೀರ್ಯ ಹಿಂದಿನ ಸಂಜೆಯೇ ಬಂದು ಕಾದು ಕುಳಿತಿತ್ತು.

"ಹೊತ್ತ ಬರೋಬ್ಬರಿ ಬಂದೈತಿ," ಎಂದರು. "ಆದ್ರ ನಿಮ್ಮ ಕುದುರಿ ಸ್ವಾಮಾರ ಕೆಲಸ ಮಾಡೈತಿ ನೋಡ್ರಿ."

"ಅದು ಒಳಗಿಂದೊಳಗ ಮಾಡೈತಿ ಬಾಯಾರ. ಯಾರಿಗೂ ಹೇಳಬ್ಯಾಡ್ರಿ," ಎಂದಳು ಸುಂದರವ್ವ, ದೇವರ ಗುಡಿಯ ಕಡೆ ಕೈ ಮುಗಿಯುತ್ತ.

ಆದರೆ ಹೊತ್ತು ಸರಿ ಬಂದ ಮಾತ್ರಕ್ಕೆ ಮರಿ ನಿಂತಿತು ಎಂದಲ್ಲ. ಎರಡು ವಾರ ಕಾಯಬೇಕಿತ್ತು. ಅಷ್ಟರಲ್ಲಿ ಶಿವರಾತ್ರಿ ಆಯಿತು, ಸುಲ್ತಾನನ ಬೀಜವೂ ಹೋಯಿತು. ಇನ್ನೊಂದು ಸಲ ಎಂಬ ಮಾತೇ ಇರಲಿಲ್ಲ. ಅಮಸಿದ್ದ ಒಂದು ದಿನ ಇಂಡಿಗೆ ಹೋಗಿ ಛೋಟಾ ಹಾಥಿ ನೋಡಿ ಬಂದ. ಬಲ್ಬಿನ ಕೆಲಸ ಮುಗಿದಿದ್ದರೂ ನಾನು ಸಂಜೆ ಹೋಗಿ ಪೇಪರ್ ಓದುತ್ತಿದ್ದೆ. ಬೇರೇನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಸ್ಕ್ಯಾನಿನ ದಿನ ಶೆಡ್ಡಿನಲ್ಲಿ ಎಲ್ಲರೂ ಇದ್ದೆವು. ಅಮಸಿದ್ದ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ. ಡಾಕ್ಟರ್ ಬಹಳ ಹೊತ್ತು ಹುಡುಕಿದರು. ಸುಂದರವ್ವ ಕೆಂಚಿಯ ಕೊರಳನ್ನು ತಬ್ಬಿಕೊಂಡಿದ್ದಳು. ಆಮೇಲೆ ಪರದೆಯ ಬೂದಿಬಣ್ಣದ ನಡುವೆ ಕಪ್ಪನೆಯ, ದುಂಡನೆಯ ಒಂದು ಚುಕ್ಕೆ ಬಂದು ನಿಂತಿತು.

"ಇಗೋ ನೋಡ್ರಿ," ಎಂದರು ಡಾಕ್ಟರ್, "ದ್ರಾಕ್ಷಿ."

"ಮತ್ತ ನಿಂಬಿಯಾಗುತನಾ ಕಾಯಬೇಕೇನ್ರಿ?" ಎಂದಳು ಸುಂದರವ್ವ ಅಳುದನಿಯಲ್ಲಿ.

"ಇಲ್ಲ ಯವ್ವಾ. ಇದು ತತ್ತಿ ಚೀಲ ಅಲ್ಲ. ಇದು ಮರಿ."

ಸುಂದರವ್ವ ಅಲ್ಲೇ ಮೇವಿನ ಮೇಲೆ ಕುಳಿತುಬಿಟ್ಟಳು. ಕೆಳಗೆ ತತ್ತಿ ಇದ್ದವು, ಎರಡು ಒಡೆದವು, ಆಕೆಗೆ ಅದರ ಪರಿವೆ ಇರಲಿಲ್ಲ. ಅತ್ತಳು, ನಕ್ಕಳು, ಕೊನೆಗೆ ಎದ್ದು ಕೆಂಚಿಗೆ ಬಾಯಿ ತುಂಬ ಬೈದಳು. ಅದನ್ನು ಕೇಳಿ ನನಗೆ ಜೀವ ಬಂದಂತಾಯಿತು. ಬಾಗಿಲಲ್ಲಿ ನೋಡಿದರೆ ಅಮಸಿದ್ದ ಇರಲಿಲ್ಲ, ಕುರಿಗಳ ಕಡೆ ಹೊರಟುಹೋಗಿದ್ದ.

ದೀಪಾವಳಿಗೆ ಅವರು ಎಂದಿನಂತೆ ಹೊರಟರು. ಛೋಟಾ ಹಾಥಿಯ ಮಾತು ಯಾರೂ ತೆಗೆಯಲಿಲ್ಲ. ಬಸುರಿ ಕೆಂಚಿಯ ಮೇಲೆ ಪಾತ್ರೆ ಮತ್ತು ಕೋಳಿ ಮಾತ್ರ ಹೇರಿ, ಹಿಟ್ಟಿನ ಚೀಲವನ್ನು ಸುಂದರವ್ವ ತನ್ನ ತಲೆಯ ಮೇಲೆ ಹೊತ್ತಳು. 

ಸಂಕ್ರಾಂತಿಯ ಹೊತ್ತಿಗೆ ಫೋನು ಬಂತು. "ಹೆಣ್ಣ ಐತ್ರಿ ಸಾವ್ಕಾರ್ರ! ಹೆಣ್ಣ!" ಮುಂದಿನದು ಬರೀ ಗದ್ದಲ. ನಾನೂ ವಿಜಯಲಕ್ಷ್ಮಿಯೂ ಮೋಟರ್‌ಸೈಕಲ್ ಹತ್ತಿ ಹಲಸಂಗಿ ಕಡೆ ಹೋದೆವು. ಉಡಿ ತುಂಬಲು ಅಕ್ಕಿ, ಕುಬಸದ ಬಟ್ಟೆ, ಮೇಲೆ ನಮ್ಮ ತೋಟದ ಒಂದು ನಿಂಬೆಹಣ್ಣು. ಅಳತೆ ನೋಡಿಯೇ ತಂದಿದ್ದೆ.

ಅವರು ಆಗಲೇ ಮುಂದಿನ ಹೊಲಕ್ಕೆ ಹೊರಟಿದ್ದರು. ದಾರಿಯಲ್ಲಿ ಒಂದು ಹಳ್ಳ, ಕಾಲುವೆಯ ನೀರು ಬಿಟ್ಟಿದ್ದರಿಂದ ಮೊಣಕಾಲುದ್ದ ಹರಿಯುತ್ತಿತ್ತು. ಕುರಿಗಳು ದಾಟಿದವು, ನಾಯಿಗಳು ದಾಟಿದವು, ಹೊರೆ ಹೊತ್ತ ಕೆಂಚಿಯೂ ಸುಂದರವ್ವನೂ ದಾಟಿ ನಮ್ಮ ದಂಡೆಗೆ ಬಂದರು. ಆಚೆ ಉಳಿದದ್ದು ಮರಿ. ಕೆಂಪು ಮೈ, ಉದ್ದ ಕಾಲು, ಹಣೆಯ ಮೇಲೆ ತಾಯಿಯದೇ ಬಿಳಿ ಚುಕ್ಕೆ. ನೀರಿಗೆ ಕಾಲು ಇಡುತ್ತಿತ್ತು, ಹಿಂದೆ ತೆಗೆಯುತ್ತಿತ್ತು. ಕೆಂಚಿ ಈಚೆಯಿಂದ ಕರೆಯಿತು. ಸುಂದರವ್ವ ಮತ್ತೆ ಹಳ್ಳಕ್ಕೆ ಇಳಿಯಲು ಸೀರೆ ಎತ್ತಿಕಟ್ಟಿದಳು.

ಅಷ್ಟರಲ್ಲಿ ಹಿಂದೆ ಉಳಿದಿದ್ದ ಅಮಸಿದ್ದ ಆಚೆ ದಂಡೆಗೆ ಬಂದ. ಮರಿಯನ್ನು ಒಂದು ಸಲ ನೋಡಿದ. ಹೆಗಲ ಮೇಲಿನ ಕಂಬಳಿ ತೆಗೆದು ಅದರ ಮೈಗೆ ಸುತ್ತಿ, ಕುರಿಮರಿಯನ್ನು ಎತ್ತುವಂತೆ ಎತ್ತಿ ಎದೆಗೆ ಒತ್ತಿಕೊಂಡ. ಅದರ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ತೂಗಾಡುತ್ತಿದ್ದವು. ನೋಯುವ ಮೊಣಕಾಲಿನಲ್ಲಿ ತಡೆದು ತಡೆದು ಹೆಜ್ಜೆ ಇಡುತ್ತ ನೀರಿಗಿಳಿದ. ನಡು ಹಳ್ಳದಲ್ಲಿ ಮರಿ ಒದ್ದಾಡಿ ಆತನ ಗಲ್ಲಕ್ಕೆ ಒಂದು ಬಿಗಿಯಿತು. ಆಗ ನಮ್ಮೆಲ್ಲರಿಗೂ ಕೇಳುವಂತೆ, ಹಳ್ಳ ತುಂಬುವಂಥ ದನಿಯಲ್ಲಿ, ಅಮಸಿದ್ದ ಬಾಯಿ ಬಿಟ್ಟ.

"ನಿನ್ನಂಥಾಕಿನ್ನ ಕಟಗೊಂಡು ನನ್ನ ಹಣೆಬಾರ ಹಿಂಗಾತು ನೋಡು! ಸರಳ ಇರ್ತಿಯೋ ಇಲ್ಲೋ?"

ಸುಂದರವ್ವ ಬಾಯಿಗೆ ಸೆರಗು ಒತ್ತಿಕೊಂಡು, ಒಂದೂ ಮಾತಾಡದೆ, ಕೆಂಚಿಯ ಹಗ್ಗ ಹಿಡಿದು ನಿಂತಿದ್ದಳು.